ಗೇರ್ ಬಾಕ್ಸಿಗೆ ಯಾರ ಕೈ

ನಮ್ಮೂರಿನಲ್ಲಿ ಮಗಳನ್ನು ಕೊಡುವ ಮನೆಗಿಂತ ರಿಪೇರಿಗೆ ಮಿಕ್ಸಿ ಕೊಡುವ ಅಂಗಡಿಯನ್ನು ಹೆಚ್ಚು ವಿಚಾರಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮಗಳಿಗೆ ಬೇಸರವಾದರೆ ತವರಿಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾಳೆ. ಮಿಕ್ಸಿ ಎಲ್ಲಿಗೆ ಹೋಗಬೇಕು? ರಿಪೇರಿ ಮಾಡಿದವರ ಗುಣವನ್ನು ಹೊತ್ತುಕೊಂಡು ನಿಮ್ಮ ಅಡುಗೆಮನೆಯಲ್ಲೇ ಕೂತಿರುತ್ತದೆ. ನಮ್ಮ ಎದುರು ಮನೆಯ ವಾರಿಜಮ್ಮ ಒಮ್ಮೆ ಆತುರಕ್ಕೆ ಬಿದ್ದು ತಮ್ಮ ಕುಕ್ಕರನ್ನು ಯಾವನೋ ಮುಂಗೋಪಿಯ ಕೈಗೆ ಕೊಟ್ಟುಬಿಟ್ಟರು. ಅಂದಿನಿಂದ ಅವರು ಅಡುಗೆಮನೆಯಲ್ಲಿ ದನಿ ತಗ್ಗಿಸಿಯೇ ಮಾತಾಡಬೇಕು. ಸ್ವಲ್ಪ ಜೋರಾದರೂ ಕುಕ್ಕರು ಏಳು ಸೀಟಿ ಒಟ್ಟಿಗೆ ಹೊಡೆದು, ಬೇಳೆಯನ್ನು ಗೋಡೆಗೆ ಉಗುಳುತ್ತದೆ. ಅಂಚೆ ಕಚೇರಿಯ ಗಡಿಯಾರವನ್ನು ಸರಿ ಮಾಡಿದವರು ಮರೆಗುಳಿಗಳು. ಅದು ನಾಲ್ಕು ಗಂಟೆಗೆ ಮೂರು ಹೊಡೆದು, ನೆನಪಾದ ಮೇಲೆ ನಾಚಿಕೊಂಡು ಇನ್ನೊಂದು ಹೊಡೆಯುತ್ತದೆ. ಯಾರೂ ದೂರುವುದಿಲ್ಲ, ಆ ಇನ್ನೊಂದಕ್ಕಾಗಿ ಕಾಯುತ್ತಾರೆ, ಅಷ್ಟೆ.

ಹೀಗಿರುವುದರಿಂದ ಊರಿನಲ್ಲಿ ಕೆಲವು ಪದ್ಧತಿಗಳಿವೆ. ದೊಡ್ಡ ವಸ್ತುವನ್ನು ಯಾರಿಗಾದರೂ ಒಪ್ಪಿಸುವ ಮೊದಲು ಸಣ್ಣದೊಂದನ್ನು ಕೊಟ್ಟು ರಿಪೇರಿ ಮಾಡಿಸಿ, ಮೂರು ದಿನ ಮನೆಯಲ್ಲಿಟ್ಟುಕೊಂಡು ಅದರ ನಡತೆ ನೋಡಬೇಕು. ಇದಕ್ಕೆ ಕೈ ನೋಡುವುದು ಅನ್ನುತ್ತಾರೆ. ಬಿಚ್ಚಿದವರ ಗುಣ ಅಂಟುವುದಿಲ್ಲ, ಮುಚ್ಚಿ ಬಿಗಿ ಮಾಡಿದವರದು ಅಂಟುತ್ತದೆ. ಹೊಸ ಕೈ ಬಿತ್ತೆಂದರೆ ಹಳೆಯ ಕೈಯ ಗುಣ ಅಳಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ವಸ್ತುವನ್ನು ಮನೆಯವರೇ ರಿಪೇರಿ ಮಾಡುವ ಹಾಗಿಲ್ಲ. ಒಬ್ಬರೊಡನೆ ಬಾಳುವುದೇ ಸಾಕಷ್ಟು ಕೆಲಸ. ಅದರ ಮೇಲೆ ಅವರದೇ ಗುಣದ ಫ್ಯಾನು, ಅವರದೇ ಗುಣದ ಇಸ್ತ್ರಿಪೆಟ್ಟಿಗೆ ಅಂತಾದರೆ ಸಂಸಾರ ನಡೆಯುವುದು ಹೇಗೆ? ಹೊಲಿಗೆ ಮಾತ್ರ ಇದಕ್ಕೆ ಸೇರುವುದಿಲ್ಲ. ಬಟ್ಟೆ ಹೇಗಿದ್ದರೂ ತೊಟ್ಟವರ ಗುಣಕ್ಕೇ ಬಗ್ಗುತ್ತದೆ.

ನಾನು ಸಿದ್ದರಾಜು. ಮೂವತ್ತೊಂದು ವರ್ಷ ಆರನೇ ನಂಬರಿನ ಬಸ್ಸು ಓಡಿಸಿದವನು. ಓಡಿಸಿದೆ ಅನ್ನುವುದು ನನ್ನ ಮಾತು. ಊರಿನವರು ನಡೆಸಿದ ಅನ್ನುತ್ತಾರೆ. ಆ ಮೂವತ್ತೊಂದು ವರ್ಷಗಳಲ್ಲಿ ನಾನು ಒಂದು ಎತ್ತಿನ ಗಾಡಿಯನ್ನೂ ಹಿಂದೆ ಹಾಕಿದವನಲ್ಲ. ಹಾರ್ನ್ ಹೊಡೆದರೆ ಎತ್ತು ಬೆದರೀತು ಅಂತ ಸುಮ್ಮನೆ ಹಿಂದೆ ಬರುತ್ತಿದ್ದೆ. ನನ್ನ ಹೆಂಡತಿ ಜಯಶೀಲ ಒಂದು ದಿನವೂ ನನ್ನ ಬಸ್ಸು ಹತ್ತಲಿಲ್ಲ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿದದ್ದನ್ನು ಪೇಟೆಗೆ ಕೊಂಡೊಯ್ಯಬೇಕಾದರೆ ನಡೆದೇ ಹೋಗುತ್ತಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ, "ಸ್ವಲ್ಪ ಬೇಗ ಹೋಗ್ಬೇಕಿತ್ತು ಕಣ್ರೀ" ಅಂದಿದ್ದಳು. ಅದನ್ನು ನಾನು ತಮಾಷೆ ಅಂದುಕೊಂಡಿದ್ದೆ. ಮಿತಭಾಷಿ, ತಣ್ಣನೆಯ ಹೆಂಗಸು, ನನಗೆ ತಕ್ಕವಳು ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ನಿವೃತ್ತನಾದ ಮೇಲೆ ಏನು ದೆವ್ವ ಹೊಕ್ಕಿತೋ, ಕೈಗೆ ಬಂದ ಹಣದಲ್ಲಿ ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಂಡುಬಿಟ್ಟೆ. ಕೆಂಪು ಬಣ್ಣ, ಎರಡೇ ಸೀಟು, ಮಡಿಚಿಡುವ ಮೇಲ್ಛಾವಣಿ. ಎಷ್ಟು ತಗ್ಗೆಂದರೆ ಒಳಗೆ ಕೂತರೆ ಎದುರಿಗೆ ಬರುವ ಎಮ್ಮೆಯ ಮೊಣಕಾಲು ಮಾತ್ರ ಕಾಣುತ್ತದೆ. ದೂರದ ಊರಿನಿಂದ ಲಾರಿಯಲ್ಲಿ ಬಂದು ಇಳಿದಾಗ ಅದರ ಗೇರು ಎರಡರಿಂದ ಆಚೆಗೆ ಬೀಳುತ್ತಲೇ ಇರಲಿಲ್ಲ. ಯಾರ ಕೈಗೆ ಕೊಡಲಿ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಸುಮ್ಮನೆ ಹಾಕಿ ನೋಡಿದರೆ ನಾಲ್ಕೂ ಗೇರುಗಳು ಸಲೀಸಾಗಿ ಬಿದ್ದವು. ಪ್ರಯಾಣದ ಆಯಾಸವಿದ್ದಿರಬೇಕು, ಈಗ ಸುಧಾರಿಸಿಕೊಂಡಿತು ಅಂದುಕೊಂಡೆ. ಬಸ್ ಡ್ರೈವರ್ ಆಗಿದ್ದವನು ಯೋಚಿಸುವ ರೀತಿಯಲ್ಲ ಇದು.

ಅಂದು ಸಂಜೆ ಕೆರೆ ಏರಿಯ ಮೇಲೆ ನಾವಿಬ್ಬರೂ ಮೊದಲ ಸಲ ಹೊರಟೆವು. ಮುಂದೆ ಆರನೇ ನಂಬರಿನ ಬಸ್ಸು ಹೋಗುತ್ತಿತ್ತು. ನಾನು ಅಭ್ಯಾಸದಂತೆ ಹಿಂದೆ ಸಾಗುತ್ತಿದ್ದೆ. ಕಾರು ಒಂದು ಕ್ಷಣ ಕಾದಿತು, ಇನ್ನೊಂದು ಕ್ಷಣ ಕಾದಿತು. ಆಮೇಲೆ ಕಿಸಕ್ಕೆಂದು ನಕ್ಕಂತೆ ಸಣ್ಣದೊಂದು ಸದ್ದು ಮಾಡಿ, ಬಲಕ್ಕೆ ಹೊರಳಿ, ಬಸ್ಸನ್ನು ಹಿಂದೆ ಹಾಕಿತು. ನಾನು ಕಿರುಚಿಕೊಂಡೆ. ಜಯಶೀಲ ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡು ಬಸ್ಸಿನಲ್ಲಿದ್ದವರಿಗೆಲ್ಲ ಕೈ ಬೀಸಿದಳು. ಏರಿ ಮುಗಿಯುವಷ್ಟರಲ್ಲಿ ನಾನೂ ನಗುತ್ತಿದ್ದೆ. ಅರವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನನ್ನ ಅಂಗಿಯೊಳಗೆ ಗಾಳಿ ತುಂಬಿತ್ತು.

ಆ ಕಾರಿನ ಗುಣವನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಹತ್ತಿರದ ದಾರಿ ಇದ್ದರೂ ಚೆಂದದ ದಾರಿಯನ್ನೇ ಹಿಡಿಯುತ್ತಿತ್ತು. ರಸ್ತೆಯಲ್ಲಿ ಬಾತುಕೋಳಿಗಳ ಸಾಲು ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಹುರಿದ ಕಡಲೆಕಾಯಿಯ ವಾಸನೆ ಬಂದ ಕಡೆಗೆ ಸ್ಟಿಯರಿಂಗು ತಾನೇ ತಿರುಗುತ್ತಿತ್ತು. ನಾನು ಬೈದರೆ ಎದುರು ಸದ್ದು ಮಾಡದೆ ಇಡೀ ದಿನ ಮೌನವಾಗಿ ಓಡುತ್ತಿತ್ತು, ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. "ಯಾರೋ ಮಹಾರಾಜನ ಮನೇಲಿ ಬೆಳೆದೋರ ಕೈ ಬಿದ್ದಿದೆ ಇದಕ್ಕೆ" ಅಂತ ನಾನು ಊರೆಲ್ಲ ಸಾರಿದೆ. "ಎಂಥಾ ಧೈರ್ಯ, ಎಂಥಾ ಹುಡುಗಾಟ, ಎಷ್ಟು ದೊಡ್ಡ ಮನಸ್ಸು! ನಮ್ಮಂಥೋರ ಮನೇಲಿ ಹುಟ್ಟೋ ಗುಣವಲ್ಲ ಇದು." ಜಯಶೀಲ ಆ ಹೊತ್ತಿಗೆ ಸೂಜಿಗೆ ದಾರ ಪೋಣಿಸುತ್ತಿರುತ್ತಿದ್ದಳು. ದಾರ ತಪ್ಪುತ್ತಿತ್ತು.

ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ, ಕಾರಿನ ಹೊಟ್ಟೆಯ ಕೆಳಗೆ, ಜೇನಿನ ಬಣ್ಣದ ಒಂದು ಬೊಟ್ಟು. ಮರುದಿನ ಅಂಗೈಯಗಲ. ಮೂಸಿ ನೋಡಿದೆ, ಗೇರ್ ಆಯಿಲ್. ಜಯಶೀಲ ಅಲ್ಲೊಂದು ತಟ್ಟೆ ಇಟ್ಟು ಅದರ ಸುತ್ತ ರಂಗೋಲಿ ಬಿಟ್ಟಳು. ನನಗೆ ಊಟ ಸೇರಲಿಲ್ಲ. ಸುಮ್ಮನೆ ಬಿಟ್ಟರೆ ಎಣ್ಣೆಯೆಲ್ಲ ಸೋರಿ ಗೇರ್ ಬಾಕ್ಸು ಸುಟ್ಟುಹೋಗುತ್ತದೆ. ಯಾರಿಗಾದರೂ ಕೊಟ್ಟು ಮುಚ್ಚಿಸಿದರೆ ಎಣ್ಣೆಯೇನೋ ನಿಲ್ಲುತ್ತದೆ, ಆದರೆ ಆ ನಗು, ಆ ಹುಡುಗಾಟ, ಆ ಕಡಲೆಕಾಯಿಯ ಆಸೆ ಎಲ್ಲ ಅಳಿಸಿಹೋಗಿ ಇನ್ನೊಬ್ಬರ ಗುಣ ಬಂದು ಕೂರುತ್ತದೆ. ಕಾರು ಉಳಿಯಬೇಕು, ಅದರ ಗುಣಕ್ಕೆ ಆದಷ್ಟು ಹತ್ತಿರದ ಗುಣವಾದರೂ ಬರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

"ತಲೆ ಕೆಡಿಸ್ಕೋಬೇಡಿ. ಊಟ ಮಾಡಿ ಒಂದು ನಿದ್ದೆ ತೆಗೀರಿ. ಎದ್ದ ಮೇಲೆ ನೋಡೋಣ" ಅಂದಳು ಜಯಶೀಲ.

"ಇಂಥ ಹೊತ್ತಲ್ಲಿ ನಿದ್ದೆ ಹೇಗೆ ಬರ್ತದೆ ಮಾರಾಯ್ತಿ?"

"ಕಣ್ಣು ಮುಚ್ಚಿದ್ರೆ ಬರ್ತದೆ. ಎರಡು ಗಂಟೆ ಸಾಕು."

ಮೂವತ್ತೊಂದು ವರ್ಷದ ಸೇವೆಯಲ್ಲಿ ತಪ್ಪದ ನನ್ನ ಮಧ್ಯಾಹ್ನದ ನಿದ್ದೆ ಆಗ ತಪ್ಪಿತು. ಊಟವಾದ ಕೂಡಲೇ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದೆ. ಅವಳು ದಿನವೂ ಬಂದು ದಿಂಬು ಕೊಡುತ್ತಿದ್ದಳು, ಮಜ್ಜಿಗೆ ಕೊಡುತ್ತಿದ್ದಳು, ಒಂದು ದಿನ ಗಸಗಸೆ ಪಾಯಸವನ್ನೂ ಮಾಡಿಕೊಟ್ಟಳು. ಎಷ್ಟು ಕಾಳಜಿ ಅಂತ ಕಣ್ಣು ತುಂಬಿ ಬಂತು, ಆದರೆ ಮುಚ್ಚಲಿಲ್ಲ.

ಪಟ್ಟಣದ ಕಂಪನಿ ಶೋರೂಮಿಗೆ ಕೊಡು ಅಂದವರೂ ಇದ್ದರು. ಅಲ್ಲಿ ಒಬ್ಬರು ಬಿಚ್ಚಿ, ಇನ್ನೊಬ್ಬರು ತೊಳೆದು, ಮುಚ್ಚಿ ಬಿಗಿ ಮಾಡುವುದಕ್ಕೆ ಯಂತ್ರವಿದೆಯಂತೆ. ನಮ್ಮ ಹೆಡ್ಮಾಸ್ಟರರ ಸ್ಕೂಟರು ಅಲ್ಲಿಗೆ ಹೋಗಿ ಬಂದ ಮೇಲೆ ಯಾರ ಗುಣವೂ ಇಲ್ಲದೆ, ಅವರು ಹತ್ತಿದರೂ ಒಂದೇ, ಕಳ್ಳ ಹತ್ತಿದರೂ ಒಂದೇ ಅನ್ನುವ ಹಾಗಾಗಿದೆ. ಬೇಡವೆಂದೆ. ಊರಿನಲ್ಲಿ ಗೇರ್ ಬಾಕ್ಸು ಬಿಚ್ಚಬಲ್ಲವರು ಮೂವರು. ಪದ್ಧತಿಯಂತೆ ಮೂವರ ಕೈಯನ್ನೂ ನೋಡಲು ಮೂರು ವಸ್ತುಗಳನ್ನು ಆರಿಸಿಕೊಂಡು ಹೊರಟೆ.

ಈರಾಚಾರಿಗೆ ಕೊಡೆ ಕೊಟ್ಟೆ. ಆತ ಒಂದು ಸ್ಕ್ರೂ ಬಿಗಿ ಮಾಡುವ ಮೊದಲು ಮೂರು ಸಲ ಅಳೆಯುವ ಮನುಷ್ಯ. "ಅವಸರ ಮಾಡ್ಬೇಡಿ ಸ್ವಾಮಿ, ಮುಂದೆ ಏನಾಗ್ತದೋ ಯಾರಿಗೆ ಗೊತ್ತು" ಅನ್ನುವುದು ಆತನ ಮಾತು. ಕೊಡೆ ಚೆನ್ನಾಗಿಯೇ ರಿಪೇರಿಯಾಗಿ ಬಂತು. ಆದರೆ ಮನೆಗೆ ಬರುವ ದಾರಿಯಲ್ಲಿ, ಬೇಸಿಗೆಯ ಆಕಾಶದ ಮೂಲೆಯಲ್ಲಿ ಹತ್ತಿಯಷ್ಟು ಮೋಡ ಕಂಡದ್ದೇ ತಾನಾಗಿ ಬಿಚ್ಚಿಕೊಂಡಿತು. ಮನೆಯೊಳಗೂ ಮುಚ್ಚಲಿಲ್ಲ, ಹೆಂಚು ಸೋರಿದರೆ ಅನ್ನುವ ಭಯ. ಮೂರು ದಿನ ಅದನ್ನು ಹಿಡಿದುಕೊಂಡೇ ಊಟ ಮಾಡಿದೆ. ಈ ಕೈ ಬಿದ್ದರೆ ನನ್ನ ಕಾರು ಅಂಗಳದಿಂದ ಹೊರಗೇ ಬರಲಾರದು.

ಗೌಸ್ ಸಾಬರಿಗೆ ಅಲಾರಂ ಗಡಿಯಾರ ಕೊಟ್ಟೆ. ಅವರಷ್ಟು ಪ್ರೀತಿಯ ಜನ ಇನ್ನೊಬ್ಬರಿಲ್ಲ. "ಬಾರಯ್ಯ ಸಿದ್ದರಾಜು, ಕೆಲಸ ಎಲ್ಲಿಗೆ ಓಡಿಹೋಗ್ತದೆ? ಮೊದಲು ಚಹಾ ಕುಡಿ" ಅಂತ ಕೂರಿಸಿಕೊಂಡು ತಮ್ಮ ಮೂವರು ಭಾವಂದಿರ ಕಥೆಯನ್ನೂ ಹೇಳಿದರು. ಮರುದಿನ ಬೆಳಿಗ್ಗೆ ಆರಕ್ಕೆ ಗಡಿಯಾರ ಮೆಲ್ಲಗೆ ಒಂದು ಸಲ ಟಿಣ್ ಅಂದಿತು. ಎಬ್ಬಿಸಲು ಮನಸ್ಸು ಬಾರದೆ ಸುಮ್ಮನಾಯಿತು. ಏಳಕ್ಕೆ ನಾನಾಗಿ ಎದ್ದ ಮೇಲೆ ಶುರು ಹಚ್ಚಿಕೊಂಡು ಹತ್ತರವರೆಗೂ ಟಿಣ್ ಟಿಣ್ ಅಂತ ಮಾತಾಡುತ್ತಲೇ ಇತ್ತು. ಈ ಕೈ ಬಿದ್ದ ಕಾರು ಗುರುತಿನವರ ಮನೆ ಕಂಡಲ್ಲೆಲ್ಲ ನಿಲ್ಲುತ್ತದೆ. ನಮ್ಮೂರಿನಲ್ಲಿ ಗುರುತಿಲ್ಲದವರು ಯಾರಿದ್ದಾರೆ?

ಮೂರನೆಯವಳು ಫಿಲೋಮಿನ. ಅಪ್ಪನ ಗ್ಯಾರೇಜನ್ನು ಒಬ್ಬಳೇ ನಡೆಸುತ್ತಿರುವ ನಲವತ್ತರ ಹೆಂಗಸು. ಮುಖ ಮುರಿದಂತೆ ಸತ್ಯ ಹೇಳುತ್ತಾಳೆಂದು ಜನ ಅವಳ ಅಂಗಡಿಗೆ ಬೇರೆ ದಾರಿಯಿಲ್ಲದಾಗ ಮಾತ್ರ ಹೋಗುತ್ತಾರೆ. ಅವಳಿಗೆ ಟಾರ್ಚು ಕೊಟ್ಟೆ. ರಿಪೇರಿಯಾಗಿ ಬಂದ ಟಾರ್ಚು ನಾನು ತೋರಿಸಿದ ಕಡೆ ಬೆಳಕು ಬಿಡಲಿಲ್ಲ, ನೋಡಬೇಕಾದ ಕಡೆ ಬಿಟ್ಟಿತು. ಚಪ್ಪಲಿ ಹುಡುಕಲು ಹೋದರೆ ನಾನು ಗುಡಿಸಿದೆನೆಂದು ಹೇಳಿದ್ದ ಮೂಲೆಯ ಜೇಡರ ಬಲೆಯನ್ನು ತೋರಿಸಿತು. ಕಿರಿಕಿರಿಯ ವಸ್ತುವೇ ಸರಿ, ಆದರೆ ಹೆದರಿಕೆಯಿಲ್ಲ, ಹರಟೆಯಿಲ್ಲ. ಧೈರ್ಯವಂತೂ ಇದೆ.

"ಫಿಲೋಮಿನ ಹತ್ರಾನೇ ಕೊಡೋಣ" ಅಂದೆ.

ಜಯಶೀಲ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದು ಎರಡು ದಿನ ಬಿಟ್ಟು..."

"ಎರಡು ದಿನ ಬಿಟ್ರೆ ಗೇರ್ ಬಾಕ್ಸೇ ಇರಲ್ಲ. ನಿನಗೇನು, ಕಾರಿನ ಮೇಲೆ ಅಷ್ಟೊಂದು ಪ್ರೀತಿ ಇಲ್ಲ."

ಅವಳು ಎದ್ದು ಸೀರೆ ಬದಲಾಯಿಸಿ ಬಂದು ಕಾರಿನಲ್ಲಿ ಕೂತಳು. ಗ್ಯಾರೇಜಿನವರೆಗೂ ಅವಳು ಮಾತಾಡಲಿಲ್ಲ, ಕಾರೂ ಸದ್ದು ಮಾಡಲಿಲ್ಲ. ಇಬ್ಬರ ನಡುವೆ ನಾನೊಬ್ಬನೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಫಿಲೋಮಿನ ಕಾರನ್ನು ಜಾಕಿನ ಮೇಲೆ ಎತ್ತಿ, ಉಳಿದಿದ್ದ ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿ, ಗೇರ್ ಬಾಕ್ಸಿನ ಪಕ್ಕದ ಮುಚ್ಚಳ ಬಿಚ್ಚಿದಳು. ಮುಚ್ಚಳಕ್ಕೂ ಡಬ್ಬಕ್ಕೂ ನಡುವೆ ಎಣ್ಣೆ ಸೋರದಂತೆ ಪ್ಯಾಕಿಂಗ್ ಕಾಗದವಿರುತ್ತದೆ. ಅದನ್ನು ಮೆಲ್ಲಗೆ ಬಿಡಿಸಿ, ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಸಿದ್ದರಾಜಣ್ಣ, ನಿಮ್ಮ ಕಡೆ ಪದ್ಮಿನಿ ಅಂತ ಯಾರದ್ದಾದ್ರೂ ಮದುವೆ ಆಯ್ತಾ?"

"ಆಯ್ತಲ್ಲ, ನನ್ನ ತಂಗಿ ಮಗಳದು. ಹೋದ ವರ್ಷ. ಯಾಕೆ?"

"ಸಹಕುಟುಂಬ ಸಪರಿವಾರ ಸಮೇತರಾಗಿ ಬರ್ಬೇಕಂತೆ. ಇಲ್ಲೇ ಬರೆದಿದೆ."

ಕೈಗೆ ತೆಗೆದುಕೊಂಡೆ. ಹೌದು, ಲಗ್ನಪತ್ರಿಕೆಯ ದಪ್ಪ ಕಾಗದ. ಎಣ್ಣೆ ಕುಡಿದು ಕಂದಾಗಿತ್ತು, ಬಂಗಾರದ ಅಕ್ಷರ ಇನ್ನೂ ಅಲ್ಲಲ್ಲಿ ಹೊಳೆಯುತ್ತಿತ್ತು. ಕಾರು ಬಂದದ್ದು ಆ ಮದುವೆಯಾದ ಮರುವಾರ. ಅಂದರೆ ಈ ಕಾಗದ ಒಳಗೆ ಹೋದದ್ದು ನಮ್ಮ ಮನೆಯಲ್ಲೇ, ಕೈ ಹಿಂದಿನ ಮಾಲೀಕನದೂ ಅಲ್ಲ, ಯಾವ ಮಹಾರಾಜನದೂ ಅಲ್ಲ.

"ಇದು ಮೆಕ್ಯಾನಿಕ್ ಕೆಲಸ ಅಲ್ಲ. ಅಂಚು ನೋಡಿ, ಹಲ್ಲುಹಲ್ಲಾಗಿದೆ. ಅದಕ್ಕೇ ಕೊನೆಗೆ ಸೋರಿರೋದು" ಅಂದಳು ಫಿಲೋಮಿನ. "ಜಿಗ್‌ಜಾಗ್ ಕತ್ತರೀಲಿ ಕತ್ತರಿಸಿದ್ದಾರೆ. ರವಿಕೆ ಬಟ್ಟೆಯ ನೂಲು ಬಿಡದೇ ಇರ್ಲಿ ಅಂತ ಟೈಲರ್‌ಗಳು ಇಟ್ಕೊಂಡಿರ್ತಾರಲ್ಲ, ಅದರಲ್ಲಿ." ಆಮೇಲೆ ನನ್ನ ಭುಜದಾಚೆ ನೋಡಿ, "ಆದ್ರೂ ಹನ್ನೊಂದು ತಿಂಗಳು ತಡೆದಿದೆ ಅಂದ್ರೆ ಬೋಲ್ಟು ಎಷ್ಟು ಹದವಾಗಿ ಬಿಗಿದಿದ್ರಿ ಅಕ್ಕಾ!" ಅಂದಳು.

ನಾನು ತಿರುಗಿದೆ. ಜಯಶೀಲ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಶಾಲೆಯಲ್ಲಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು.

"ನೀವು ಮಲಗಿದ್ರಿ. ಪಾಪ, ಎರಡು ದಿನದಿಂದ ಒದ್ದಾಡ್ತಿದ್ರಿ. ಹೊಲಿಗೆ ಮೆಷೀನಿಗಿಂತ ಏನು ಮಹಾ ಇರ್ತದೆ ಅಂತ ಜಮಖಾನ ಹಾಸ್ಕೊಂಡು ಕೆಳಗೆ ಹೋಗಿ ಬಿಚ್ಚಿ ನೋಡ್ದೆ. ಒಳಗೆ ಒಂದು ಕೊಂಡಿ ಜಾರಿತ್ತು, ಕೂರಿಸ್ದೆ. ಹಳೆ ಕಾಗದ ಹರಿದೋಯ್ತು. ಕೈಗೆ ಸಿಕ್ಕ ಕಾಗದ, ಕೈಗೆ ಸಿಕ್ಕ ಕತ್ತರಿ. ತಪ್ಪಾಯ್ತು ಅನ್ನಿ."

"ಹೇಳ್ಬಾರದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀವು ಹೊಗಳೋಕೆ ಶುರು ಮಾಡಿದ್ರಿ." ಅವಳ ಮುಖ ಕೆಂಪಾಯಿತು. "ಹನ್ನೊಂದು ತಿಂಗಳು, ದಿನಾ ನನ್ನ ಹೊಗಳ್ತಿದ್ರಿ ಕಣ್ರೀ. ಎಂಥಾ ಧೈರ್ಯ, ಎಂಥಾ ಹುಡುಗಾಟ ಅಂತ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ನನಗೆ ಒಮ್ಮೆಲೇ ಎಲ್ಲ ಕಂಡಿತು. ಕಡಲೆಕಾಯಿ ಯಾರಿಗೆ ಇಷ್ಟ? ಬೈದರೆ ಇಡೀ ದಿನ ಮೌನವಾಗಿದ್ದು ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಕಾಫಿ ಕೊಡುವವರು ಯಾರು? ನನ್ನ ಬಸ್ಸು ಹತ್ತದೆ ನಡೆದು ಹೋದವರು ಯಾರು? ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಅವಳು ಯಾರೆಂದು ತಿಳಿಯಲು ನನಗೊಂದು ಗೇರ್ ಬಾಕ್ಸು ಬೇಕಾಯಿತು. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಸಂತೋಷವೇ ಮುಂದೆ ನುಗ್ಗಿ ಬಂತು. ನಾನು ನಕ್ಕೆ, ಅವಳೂ ನಕ್ಕಳು, ಜಾಕಿನ ಮೇಲಿದ್ದ ಕಾರು ಎಂಜಿನ್ ಶುರುವಾಗದೆಯೇ ಕಿಸಕ್ಕೆಂದಿತು. ಊರಿನ ಪದ್ಧತಿ ಇಷ್ಟು ದಿನ ಕಾಪಾಡಿದ್ದು ಏನನ್ನೋ ನನಗೆ ಗೊತ್ತಿಲ್ಲ, ನನ್ನನ್ನಂತೂ ಪೆದ್ದನನ್ನಾಗಿ ಮಾಡಿತ್ತು.

ಫಿಲೋಮಿನ ಸ್ಪ್ಯಾನರನ್ನು ಕೆಳಗಿಟ್ಟಳು. "ನಾನು ಇದನ್ನ ಮುಚ್ಚಲ್ಲ. ನನ್ನ ಗುಣ ನಿಮಗೆ ಬೇಡ, ನನಗೇ ಕೆಲವು ಸಲ ಸಾಕಾಗಿರ್ತದೆ. ಅಕ್ಕಾ, ಒಳ್ಳೆ ಪ್ಯಾಕಿಂಗ್ ಶೀಟ್ ಕೊಡ್ತೀನಿ, ನೇರ ಕತ್ತರೀನೂ ಕೊಡ್ತೀನಿ. ಕೂತ್ಕೊಳ್ಳಿ."

ಜಯಶೀಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮುಚ್ಚಳವನ್ನು ಶೀಟಿನ ಮೇಲಿಟ್ಟು, ರವಿಕೆಯ ಕತ್ತಿನ ಅಳತೆ ಗುರುತು ಹಾಕಲು ಸದಾ ಸೆರಗಿನ ಗಂಟಿನಲ್ಲಿಟ್ಟುಕೊಳ್ಳುವ ಸೀಮೆಸುಣ್ಣದಿಂದ ಗೆರೆ ಎಳೆದು, ತುಟಿ ಕಚ್ಚಿಕೊಂಡು ಕತ್ತರಿಸಿದಳು. ಆಮೇಲೆ ಕಾರಿನ ಕೆಳಗೆ ಸರಿದಳು. ನಾನೂ ಪಕ್ಕದಲ್ಲಿ ಸರಿದು ಜೇಬಿನಲ್ಲಿದ್ದ ಟಾರ್ಚು ಹಿಡಿದೆ. ಟಾರ್ಚು ತನ್ನ ಗುಣ ಬಿಡಲಿಲ್ಲ. ಬೋಲ್ಟಿನ ಕಡೆ ಎಷ್ಟು ತಿರುಗಿಸಿದರೂ ಬೆಳಕು ಹೋಗಿ ಬಿದ್ದದ್ದು ಅವಳ ಮುಖದ ಮೇಲೆ. ಕೆನ್ನೆಗೆ ಗ್ರೀಸು ಮೆತ್ತಿತ್ತು, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಎಷ್ಟು ಚೆಂದ ಕಾಣುತ್ತಿದ್ದಳು!

"ಬೋಲ್ಟು ಕಾಣ್ತಿಲ್ಲ ಕಣ್ರೀ."

"ನನಗೆ ಕಾಣ್ಬೇಕಾದ್ದು ಕಾಣ್ತಿದೆ. ಕೊಡು, ಆ ಕಡೇದು ನಾನು ಬಿಗಿ ಮಾಡ್ತೀನಿ."

"ಮುಟ್ಬೇಡಿ!" ಅವಳು ನನ್ನ ಕೈ ತಳ್ಳಿದಳು. "ನೀವು ಮುಟ್ಟಿದ್ರೆ ಇದು ಆರನೇ ನಂಬರ್ ಬಸ್ಸಾಗಿಬಿಡ್ತದೆ."

ಒಂಬತ್ತು ಬೋಲ್ಟುಗಳನ್ನು ತಾನೇ ಬಿಗಿ ಮಾಡಿದಳು. ಹತ್ತನೆಯದಕ್ಕೆ ಬಂದಾಗ ಸ್ಪ್ಯಾನರನ್ನು ನನ್ನ ಕಡೆಗೆ ಚಾಚಿದಳು. "ತಗೊಳ್ಳಿ. ಒಂದೇ ಒಂದು. ಪೂರ್ತಿ ನನ್ನ ಹಾಗೇ ಇದ್ರೆ ಎಲ್ಲಾದ್ರೂ ಹಾರ್ಕೊಂಡು ಹೋದೀತು." ನಾನು ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಕೈಗೆ ತಂದುಕೊಂಡು ಆ ಒಂದು ಬೋಲ್ಟನ್ನು ಬಿಗಿ ಮಾಡಿದೆ.

ಹೊಸ ಎಣ್ಣೆ ತುಂಬಿಸಿಕೊಂಡು ಹೊರಟಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಏರಿಯ ಮೇಲೆ ಆರನೇ ನಂಬರಿನ ಬಸ್ಸು ಹೋಗುತ್ತಿತ್ತು. ಕಾರು ಕಿಸಕ್ಕೆಂದು ನಕ್ಕು ಅದನ್ನು ಹಿಂದೆ ಹಾಕಿತು. ಗುಣ ಉಳಿದಿತ್ತು! ಜಯಶೀಲ ಚಪ್ಪಾಳೆ ತಟ್ಟಿದಳು. ಹಾಗೆ ಹಾರಿಕೊಂಡು ಹೋಗುತ್ತಿದ್ದದ್ದು ಆಲದ ಮರದ ಬಸ್ ಸ್ಟಾಪಿನ ಹತ್ತಿರ ಬಂದಾಗ ನಿಧಾನವಾಯಿತು. ನಾನು ಬ್ರೇಕ್ ಮುಟ್ಟಿರಲಿಲ್ಲ. ಕಾರು ತಾನಾಗಿಯೇ ಎಡಕ್ಕೆ ಸರಿದು, ಯಾರಾದರೂ ಕಾಯುತ್ತಿದ್ದಾರೆಯೇ ಅಂತ ನೋಡಿ, ನಿಂತಿತು.

"ನೋಡಿದ್ರಾ ನಿಮ್ಮ ಬೋಲ್ಟು!" ಅಂತ ಜಯಶೀಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸ್ಟಾಪಿನಲ್ಲಿ ವಾರಿಜಮ್ಮ ನಿಂತಿದ್ದರು. ಕಂಕುಳಲ್ಲಿ ಟವೆಲಿನಿಂದ ಬಿಗಿದು ಕಟ್ಟಿದ ಕುಕ್ಕರು. ಕೊನೆಗೂ ಅದನ್ನು ಬೇರೆಯವರ ಕೈಗೆ ಕೊಡಲು ಹೊರಟಿದ್ದರಂತೆ. ಎರಡೇ ಸೀಟಾದರೂ ಜಯಶೀಲ ಒತ್ತರಿಸಿ ಕೂತು ಜಾಗ ಮಾಡಿಕೊಟ್ಟಳು. ವಾರಿಜಮ್ಮ ಒಳಗೆ ತುರುಕಿಕೊಂಡು, ಊರಿನವರು ಯಾವ ವಾಹನ ಹತ್ತಿದರೂ ಕೇಳುವ ಮೊದಲ ಮಾತನ್ನು ಕೇಳಿದರು. "ರಿಪೇರಿ ಆಯ್ತಾ? ಯಾರ ಕೈ?"

"ನಮ್ಮನೆಯೋಳದೇ" ಅಂದೆ, ಸ್ಟಾಪಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ.

ವಾರಿಜಮ್ಮನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮನೆಯವರು ಮನೆಯದನ್ನು ಮುಟ್ಟುವುದೇ? ಅವರು ಜಯಶೀಲಳ ಕೆನ್ನೆಯ ಗ್ರೀಸನ್ನು ನೋಡಿದರು, ನನ್ನ ಹಲ್ಲುಗಳನ್ನು ನೋಡಿದರು, ಕೊನೆಗೆ ಮಡಿಲಲ್ಲಿದ್ದ ಕುಕ್ಕರನ್ನು ನೋಡಿದರು. ಕುಕ್ಕರು ಟವೆಲಿನೊಳಗಿಂದ ಗುರ್ ಅಂದಿತು. ವಾರಿಜಮ್ಮ ಅದನ್ನು ಎತ್ತಿ ಜಯಶೀಲಳ ತೊಡೆಯ ಮೇಲಿಟ್ಟರು.

"ಹಾಗಾದ್ರೆ ನೀನೇ ಇದನ್ನ ಒಂಚೂರು ನೋಡಮ್ಮ" ಅಂದರು. ನಾನು ಗೇರು ಹಾಕುವ ಮೊದಲೇ ಕಾರು ಹೊರಟಿತು.